ಡಾಕ್ಟರ ಕೋಣೆಯೊಳಗಿನ ಆ ಬೆಂಚನ್ನು ಹೊರಗೆ ಹಾಕಿಸಿ

ಮಾನ್ಯ ಆರೋಗ್ಯ ಸಚಿವರಿಗೆ, ಆರೋಗ್ಯ ಇಲಾಖೆಯ ಆಯುಕ್ತರಿಗೆ ಮತ್ತು ಎಲ್ಲ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ಹೈಸ್ಕೂಲ್ ಟೀಚರ್. ಹತ್ತೊಂಬತ್ತು ವರ್ಷದಿಂದ ಇದೇ ಊರಿನಲ್ಲಿ ಪಾಠ ಮಾಡುತ್ತಿದ್ದೇನೆ. ರಸ್ತೆಗೆ ಇಳಿದರೆ ಹತ್ತು ಹೆಜ್ಜೆಗೊಬ್ಬರು "ನಮಸ್ತೆ ಮಿಸ್" ಅನ್ನುತ್ತಾರೆ. ಹಳೇ ವಿದ್ಯಾರ್ಥಿಗಳೇ ಈಗ ಮಕ್ಕಳನ್ನು ತಂದು ನಮ್ಮ ಶಾಲೆಗೆ ಸೇರಿಸುತ್ತಾರೆ. ಊರೆಲ್ಲ ಗುರುತಿರುವುದು ನನಗೆ ಯಾವಾಗಲೂ ಖುಷಿಯ ವಿಷಯವೇ ಆಗಿತ್ತು. ಹೋದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ಕ್ಲಿನಿಕ್‌ಗೆ ಹೋಗುವವರೆಗೂ.

ಸ್ನಾನ ಮಾಡುವಾಗ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಶಾಲೆ ಮುಗಿಸಿಕೊಂಡು ಸೀದಾ ಕ್ಲಿನಿಕ್‌ಗೆ ಹೋದೆ. ಮೇನ್ ರೋಡಿನ ಒಂದು ಮಳಿಗೆ ಅದು. ಮುಂದೆ ಶಟರು, ನಡುವೆ ಪ್ಲೈವುಡ್ ಅಡ್ಡಗೋಡೆ, ಗೋಡೆಯ ಆ ಕಡೆ ಡಾಕ್ಟರು. ಕೌಂಟರಿನಲ್ಲಿದ್ದ ಹುಡುಗಿ ಚೀಟಿ ಬರೆಯುತ್ತಾ "ಏನ್ ತೊಂದ್ರೆ ಮಿಸ್?" ಅಂದಳು. "ಡಾಕ್ಟರ್ ಹತ್ರಾನೇ ಹೇಳ್ತೀನಿ" ಅಂದೆ. "ಚೀಟೀಲಿ ಬರೀಬೇಕು ಮಿಸ್, ಹೇಳಿ" ಅಂದಳು. ನಾನು ಬಗ್ಗಿ, ಮೆಲ್ಲಗೆ ಹೇಳಿದೆ. ಅವಳು ಒಳಗೆ ತಿರುಗಿ ಕೂಗಿದಳು: "ಸಾರ್, ಎದೇಲಿ ಗಂಟಂತೆ, ಮೊದ್ಲು ಕಳಿಸ್ಲಾ?"

ಪಾಪ, ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನನ್ನು ಬೇಗ ಕಳಿಸಬೇಕು ಅಂತಲೇ ಕೂಗಿದ್ದು. ಹೊರಗೆ ಹನ್ನೆರಡು ಜನ ಕೂತಿದ್ದರು. ಒಳಗೆ ಹೋದರೆ ಡಾಕ್ಟರ ಮೇಜಿನ ಪಕ್ಕದಲ್ಲೇ ಒಂದು ಬೆಂಚು. ಸರದಿಯಲ್ಲಿ ಮುಂದಿನ ನಾಲ್ಕು ಜನ ಆ ಬೆಂಚಿನ ಮೇಲೆ. ಅವರಲ್ಲಿ ಒಬ್ಬರು ನಮ್ಮ ಒಂಬತ್ತನೇ ಕ್ಲಾಸಿನ ಹುಡುಗನ ತಂದೆ. ಮೂಲೆಯಲ್ಲಿ ಪರೀಕ್ಷೆ ಮಾಡುವ ಮಂಚಕ್ಕೆ ಪರದೆ ಇತ್ತು, ಆದರೆ ಒಂದು ಕಡೆ ಉಂಗುರಗಳು ಕಿತ್ತುಹೋಗಿ ಜೋತು ಬಿದ್ದಿತ್ತು. ನಾನು ನನ್ನ ವೇಲನ್ನೇ ಆ ಕಡೆಗೆ ಹಿಡಿದುಕೊಂಡು ಮಲಗಿದೆ. ಡಾಕ್ಟರು ಒಳ್ಳೆಯವರು, ಸಮಾಧಾನದಿಂದ ನೋಡಿದರು. "ಹೆದರಬೇಡಿ, ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸೋಣ, ಐದು ದಿನ ಆಗುತ್ತೆ" ಅಂದರು. ಅವರು ಹೇಳಿದ್ದೆಲ್ಲ ಆ ನಾಲ್ಕು ಜನಕ್ಕೂ ಕೇಳಿಸಿತು.

ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರ ಹೂ ಮಾರುವ ಅಮ್ಮ ಒಂದು ಮೊಳ ಮಲ್ಲಿಗೆ ಜಾಸ್ತಿ ಕೊಟ್ಟು, ಕೈ ಹಿಡಿದುಕೊಂಡು, "ಧೈರ್ಯವಾಗಿರಿ ಮಿಸ್, ಈಗ ಕ್ಯಾನ್ಸರ್‌ಗೂ ಔಷಧಿ ಬಂದಿದೆ" ಅಂದರು. ಮಧ್ಯಾಹ್ನ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಮಾತು ನಿಂತು ನಿಂತು ನಡೆಯುತ್ತಿತ್ತು. ಸಂಜೆ ಎಂಟನೇ ಕ್ಲಾಸಿನ ನನ್ನ ಮಗಳು ಬ್ಯಾಗ್ ಕೂಡ ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದಳು, "ಅಮ್ಮಾ, ನಿಂಗೆ ಕ್ಯಾನ್ಸರ್ ಅಂತೆ, ಹೌದಾ?"

ಆಗ ನಾನಿನ್ನೂ ನನ್ನ ಗಂಡನಿಗೂ ಪೂರ್ತಿ ಹೇಳಿರಲಿಲ್ಲ. ರಿಪೋರ್ಟ್ ಬರಲು ಇನ್ನೂ ನಾಲ್ಕು ದಿನ ಇತ್ತು. ಆ ನಾಲ್ಕು ರಾತ್ರಿ ಮಗಳು ನನ್ನ ಪಕ್ಕದಲ್ಲೇ ಮಲಗಿದಳು, ನನ್ನ ಉಸಿರಾಟ ಕೇಳಿಸಿಕೊಳ್ಳುತ್ತಾ. ರಿಪೋರ್ಟ್ ಬಂತು. ಬರೀ ಕೊಬ್ಬಿನ ಗಂಟು, ಏನೂ ತೊಂದರೆ ಇಲ್ಲ. ಆದರೆ ಆ ಸುದ್ದಿ ಮೊದಲಿನ ಸುದ್ದಿಯಷ್ಟು ಜೋರಾಗಿ ಊರು ಸುತ್ತಲಿಲ್ಲ. ಈಗಲೂ ಕೆಲವರು ನನ್ನನ್ನು ನೋಡಿದಾಗ ದನಿ ತಗ್ಗಿಸುತ್ತಾರೆ.

ಆ ಕ್ಲಿನಿಕ್‌ನ ಹೆಸರನ್ನು ನಾನು ಬರೆಯುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಆ ಬೆಂಚು ಬೇರೆ ಕಡೆಯೂ ಇದೆ. ಈ ಪತ್ರ ಓದುತ್ತಿರುವ ಯಾರಾದರೂ ತಮ್ಮೂರಿನ ಡಾಕ್ಟರ ಕೋಣೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಲಿ. ನಮ್ಮಲ್ಲಿ ಎಷ್ಟೋ ಜನ ಆ ಬೆಂಚಿನ ಮೇಲೆ ಕೂತು ಇನ್ನೊಬ್ಬರ ಕಾಯಿಲೆ ಕೇಳಿಸಿಕೊಂಡವರೇ. ನಾನೂ ಕೇಳಿಸಿಕೊಂಡಿದ್ದೇನೆ. ಅದು ತಪ್ಪು ಅಂತ ಅವತ್ತಿನವರೆಗೂ ನನಗೆ ಅನ್ನಿಸಿರಲೇ ಇಲ್ಲ.

ವೈದ್ಯರ ಹತ್ತಿರ, ವಕೀಲರ ಹತ್ತಿರ ಏನನ್ನೂ ಮುಚ್ಚಿಡಬಾರದು ಅಂತ ನಮ್ಮ ಹಿರಿಯರು ಹೇಳುತ್ತಾರೆ. ನಾಲ್ಕು ಜನ ಪಕ್ಕದಲ್ಲಿ ಕೂತಿರುವಾಗ ಮುಚ್ಚಿಡದೆ ಇರುವುದು ಹೇಗೆ? ಬಿಳಿ ಸೆರಗಿನ ತೊಂದರೆ ಇರುವ ಹೆಂಗಸು "ಸೊಂಟ ನೋವು ಡಾಕ್ಟ್ರೇ" ಅನ್ನುತ್ತಾಳೆ. ಮೂಲವ್ಯಾಧಿ ಇರುವ ಗಂಡಸು "ಗ್ಯಾಸ್ ಜಾಸ್ತಿ" ಅನ್ನುತ್ತಾನೆ. ರಾತ್ರಿ ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸುತ್ತಿರುವ ಹುಡುಗ "ತಲೆನೋವು" ಅನ್ನುತ್ತಾನೆ. ಡಾಕ್ಟರು ಸೊಂಟಕ್ಕೆ, ಗ್ಯಾಸಿಗೆ, ತಲೆನೋವಿಗೆ ಮಾತ್ರೆ ಬರೆಯುತ್ತಾರೆ. ನಿಜವಾದ ಕಾಯಿಲೆ ಮನೆಗೆ ವಾಪಸ್ ಹೋಗುತ್ತದೆ. ಇದನ್ನು ಮಾನ ಮರ್ಯಾದೆಯ ಪ್ರಶ್ನೆ ಅಂತ ಮಾತ್ರ ನೋಡಬೇಡಿ ಸರ್. ಇದು ಚಿಕಿತ್ಸೆಯ ಪ್ರಶ್ನೆ.

ಇನ್ನು ಕೆಲವರು ಹತ್ತಿರದ ಆಸ್ಪತ್ರೆಗೆ ಹೋಗುವುದೇ ಇಲ್ಲ. ಎಚ್‌ಐವಿ ಮಾತ್ರೆ ತಗೊಳ್ಳುವವರು ತಮ್ಮ ಜಿಲ್ಲೆಯ ಸೆಂಟರ್ ಬಿಟ್ಟು ಗುರುತಿನವರು ಸಿಗದ ದೂರದ ಊರಿಗೆ ಹೋಗುವುದು ಆ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಹೋಗುತ್ತದೆ. ಹೀಗೆ ತಿಂಗಳು ತಿಂಗಳು ಹೋಗಲಾರದೆ ಒಂದು ದಿನ ಮಾತ್ರೆ ನಿಲ್ಲುತ್ತದೆ. ನಮ್ಮ ಬೀದಿಯಲ್ಲೇ ಒಬ್ಬ ಹೆಂಗಸಿಗೆ ಟಿಬಿ ಬಂತು. ವಿಷಯ ಹೇಗೋ ಹೊರಗೆ ಬಂದ ಮೇಲೆ ಅಕ್ಕಪಕ್ಕದವರು ಅವಳ ಮಕ್ಕಳನ್ನು ಆಟಕ್ಕೆ ಸೇರಿಸಲಿಲ್ಲ. ಮಾತ್ರೆ ಕೊಡಲು ಬರುತ್ತಿದ್ದ ಆಶಾ ಕಾರ್ಯಕರ್ತೆಗೆ ಅವಳು "ನೀವು ಮನೆಗೆ ಬರಬೇಡಿ ಅಕ್ಕ" ಅಂತ ಕೈ ಮುಗಿದಳು. 2012ರಿಂದ ಟಿಬಿ ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂಬ ನಿಯಮ ಇದೆ. ಅದು ಸರಿಯಾದ ನಿಯಮ. ಆದರೆ ತಿಳಿಸಬೇಕಾದದ್ದು ಆರೋಗ್ಯ ಇಲಾಖೆಗೆ, ಬೀದಿಗಲ್ಲ.

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಈ ಘಟನೆ ಆದ ಮೇಲೆ ನಾನು ಹುಡುಕಿ ಹುಡುಕಿ ಓದಿದೆ. ರೋಗಿಯ ಮನೆಯ ವಿಷಯಗಳನ್ನು ವೈದ್ಯ ಹೊರಗೆ ಆಡಬಾರದು ಅಂತ ಚರಕ ಸಂಹಿತೆಯೇ ಹೇಳಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳು, ವೃತ್ತಿಯಲ್ಲಿ ತಿಳಿದುಬಂದ ರೋಗಿಯ ಗುಟ್ಟನ್ನು ಬಯಲು ಮಾಡಬಾರದು ಅನ್ನುತ್ತವೆ. ಮೂರೇ ಸಂದರ್ಭಕ್ಕೆ ವಿನಾಯಿತಿ: ಕೋರ್ಟ್ ಆದೇಶ ಮಾಡಿದಾಗ, ಒಬ್ಬ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ ಇದೆ ಅಂತ ಕಂಡಾಗ, ಮತ್ತು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳಿದ್ದಾಗ. ಹೂವಿನ ಅಂಗಡಿ ಈ ಮೂರರಲ್ಲಿ ಎಲ್ಲೂ ಬರುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಕೇಸು ಹಾಕಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅವರು ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ತೀರ್ಪನ್ನು ದೇಶದಲ್ಲೆಲ್ಲ ಅವರ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ರಾಜ್ಯದ ಒಬ್ಬ ಹಿರಿಯರು ಇಡೀ ದೇಶಕ್ಕೆ ತಂದುಕೊಟ್ಟ ಹಕ್ಕು ನಮ್ಮೂರಿನ ಕ್ಲಿನಿಕ್‌ನ ಶಟರಿನ ಒಳಗೆ ಇನ್ನೂ ಬಂದಿಲ್ಲ ಅಂದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಅದೇ 2017ರಲ್ಲಿ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಒಬ್ಬರಿಗೆ ಎಚ್‌ಐವಿ ಇದೆ ಅನ್ನುವುದನ್ನು ಅವರ ಒಪ್ಪಿಗೆ ಇಲ್ಲದೆ ಹೇಳಬಾರದು ಅನ್ನುತ್ತದೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಗೋಪ್ಯತೆ ರೋಗಿಯ ಹಕ್ಕು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂತು. ಆ ಹೆಂಗಸಿನ ಹೆಸರು, ವಿವರ ಹೊರಗೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿಲ್ಲ. ಹದಿನೆಂಟು ತುಂಬಿದ ಹೆಂಗಸಿಗೆ ಆ ಕಾಯ್ದೆಯಡಿ ಬೇಕಾದದ್ದು ಅವಳ ಒಪ್ಪಿಗೆ ಮಾತ್ರ. ಗಂಡನ ಸಹಿ ಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೂ "ಯಜಮಾನರನ್ನ ಕರ್ಕೊಂಡು ಬಾಮ್ಮ" ಅಂತ ಎಷ್ಟೋ ಕಡೆ ವಾಪಸ್ ಕಳಿಸುತ್ತಾರೆ.

ನಮ್ಮ ರಾಜ್ಯದ್ದೇ ಆದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ಬಾಯಿಮಾತಿನಲ್ಲಿ ಕೆಪಿಎಂಇ. 2017ರ ನವೆಂಬರಿನಲ್ಲಿ ಅದರ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೂ ನೆನಪಿರಬಹುದು. ಆ ತಿದ್ದುಪಡಿಯಲ್ಲಿ ರೋಗಿಗಳ ಸನ್ನದು, ಅಂದರೆ ರೋಗಿಗಳ ಹಕ್ಕುಗಳ ಪಟ್ಟಿ, ಸೇರಿತು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 17 ಹಕ್ಕುಗಳ ಇನ್ನೊಂದು ಸನ್ನದು ಸಿದ್ಧ ಮಾಡಿತು. ಗಂಡಸು ಡಾಕ್ಟರು ಹೆಂಗಸನ್ನು ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅಂತಲೂ ಅದರಲ್ಲಿದೆ. ನನ್ನ ಪಕ್ಕದಲ್ಲಿ ಅವತ್ತು ಯಾರೂ ಇರಲಿಲ್ಲ.

ಇಷ್ಟೆಲ್ಲ ಕಾನೂನು ಇದ್ದೂ ಗುಟ್ಟು ಸೋರುವುದು ಎಲ್ಲಿ? ಕಾನೂನು ಕಣ್ಣು ಹಾಯಿಸದ ಸಣ್ಣ ಸಣ್ಣ ಜಾಗಗಳಲ್ಲಿ. ಕೌಂಟರಿನ ಮೇಲೆ ಬಿಚ್ಚಿಟ್ಟ ರಿಜಿಸ್ಟರಿನಲ್ಲಿ ನನ್ನ ಮೇಲಿನ ಸಾಲಿನವರ ಹೆಸರು, ವಯಸ್ಸು, ಫೋನ್ ನಂಬರ್, ಕಾಯಿಲೆ ಎಲ್ಲ ಕಾಣುತ್ತದೆ. ಲ್ಯಾಬಿನ ಟ್ರೇಯಲ್ಲಿ ರಿಪೋರ್ಟ್‌ಗಳು ಸಾಲಾಗಿ ಇರುತ್ತವೆ, ನಮ್ಮದನ್ನು ನಾವೇ ಹುಡುಕಿಕೊಳ್ಳಬೇಕು. ಹುಡುಕುವಾಗ ಹತ್ತು ಜನರದ್ದನ್ನು ನೋಡುತ್ತೇವೆ. ಮೆಡಿಕಲ್ ಸ್ಟೋರಿನವರು "ಇದು ಯಾರಿಗೆ, ಫಿಟ್ಸಾ?" ಅಂತ ಎಲ್ಲರ ಮುಂದೆ ಕೇಳುತ್ತಾರೆ. ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ನೋಡಿ. ಒಬ್ಬೊಬ್ಬರ ತಾಯಿ ಕಾರ್ಡ್ ಎತ್ತಿ ಹಿಡಿದು ಹೆಸರು, ರಕ್ತ ಎಷ್ಟಿದೆ, ಎಷ್ಟನೇ ಹೆರಿಗೆ, ಮೊದಲಿನದು ಏನಾಯಿತು ಅಂತ ಕೇಳುವುದು ಜಗಲಿಯಲ್ಲೇ. ಒಮ್ಮೆ ಮಗು ಕಳೆದುಕೊಂಡವಳು ಅದನ್ನು ಮೂವತ್ತು ಜನರ ಮುಂದೆ ಇನ್ನೊಮ್ಮೆ ಹೇಳಬೇಕು.

ಹೋದ ಕಾರ್ತಿಕದಲ್ಲಿ ಜಾತ್ರೆಗೆ ಹೋಗಿದ್ದಾಗ ಬೇಯಿಸಿದ ಕಡಲೆಕಾಯಿ ತಗೊಂಡೆ. ಪೊಟ್ಟಣ ಖಾಲಿಯಾದ ಮೇಲೆ ಕಾಗದ ಬಿಚ್ಚಿದರೆ ಅದು ಒಂದು ಲ್ಯಾಬ್ ರಿಪೋರ್ಟ್. ಹೆಸರು, ವಯಸ್ಸು 34, ಗಂಡಸು, ಕಳಿಸಿದ ಡಾಕ್ಟರ ಹೆಸರು. ಪರೀಕ್ಷೆ ವೀರ್ಯದ್ದು. ಉಪ್ಪು ನೀರಿಗೆ ಒಂದು ಮೂಲೆ ನೆನೆದಿತ್ತು, ಆದರೆ ಎಲ್ಲ ಓದಲು ಬರುತ್ತಿತ್ತು. ಮಕ್ಕಳಾಗಲಿಲ್ಲ ಅಂತ ಆ ಮನುಷ್ಯ ಎಷ್ಟು ಸಂಕಟದಿಂದ ಆ ಪರೀಕ್ಷೆಗೆ ಹೋಗಿರಬೇಕು! ರದ್ದಿಗೆ ಹಾಕಿದವರು ಕೆಜಿಗೆ ಎಷ್ಟು ರೂಪಾಯಿ ತಗೊಂಡರೋ. ನಾನು ಆ ಕಾಗದವನ್ನು ಮನೆಗೆ ತಂದು ಒಲೆಗೆ ಹಾಕಿದೆ. ಅದೇ ಕಟ್ಟಿನ ಉಳಿದ ಕಾಗದಗಳು ಅವತ್ತು ಜಾತ್ರೆಯಲ್ಲಿ ಎಷ್ಟು ಕೈ ಸೇರಿದವೋ.

ಕಾಗದದ ಕಾಲ ಮುಗಿಯಿತು, ಈಗ ಎಲ್ಲ ಡಿಜಿಟಲ್ ಅನ್ನಬಹುದು ನೀವು. ಫೋನ್ ಬಂದ ಮೇಲೆ ಸೋರುವುದು ನಿಂತಿಲ್ಲ, ಬೇಗ ಆಗಿದೆ ಅಷ್ಟೇ. ಗಾಯದ ಫೋಟೋ, ಎಕ್ಸ್‌ರೇ ಫೋಟೋ, ರಿಪೋರ್ಟ್ ಫೋಟೋ ಎಲ್ಲ ಸಿಬ್ಬಂದಿಯ ಸ್ವಂತ ಫೋನಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ. ಇನ್ನೊಂದು ಕಡೆ ಆಭಾ ನಂಬರ್, ಅಂದರೆ ನಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸಲು ಸರ್ಕಾರ ಕೊಡುವ ಡಿಜಿಟಲ್ ಗುರುತಿನ ನಂಬರ್. ಕೌಂಟರಿನಲ್ಲಿ "ಆಧಾರ್ ಕೊಡಿ, ಒಟಿಪಿ ಹೇಳಿ" ಅನ್ನುತ್ತಾರೆ, ನಮ್ಮ ಜನ ಹೇಳಿಬಿಡುತ್ತಾರೆ. ಹದಿನಾಲ್ಕು ಅಂಕಿಯ ಆ ನಂಬರ್ ಯಾಕೆ, ಅದಕ್ಕೆ ಯಾವ ಯಾವ ದಾಖಲೆ ಸೇರುತ್ತದೆ, ಬೇಡ ಅನ್ನಬಹುದಾ, ಯಾರೂ ಹೇಳುವುದಿಲ್ಲ. ಬೇಡ ಅನ್ನಬಹುದು. ಅದು ಕಡ್ಡಾಯ ಅಲ್ಲ, ನಮ್ಮ ಒಪ್ಪಿಗೆ ಮೇಲೆ ಮಾಡಬೇಕಾದದ್ದು. ಆ ವ್ಯವಸ್ಥೆಯಿಂದ ಉಪಯೋಗ ಇದೆ ಅಂತ ನಾನೂ ನಂಬುತ್ತೇನೆ. ಆದರೆ 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನಂಥ ಆಸ್ಪತ್ರೆಯ ಸರ್ವರುಗಳೇ ಸೈಬರ್ ದಾಳಿಗೆ ಸಿಕ್ಕಿ ದಿನಗಟ್ಟಲೆ ನಿಂತುಹೋಗಿದ್ದವು. ಕೇಳದೆ, ತಿಳಿಸದೆ ಒಟಿಪಿ ತಗೊಳ್ಳುವುದು ಒಪ್ಪಿಗೆ ಅಲ್ಲ, ಅಲ್ವಾ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಇದೆ. ದೊಡ್ಡ ಮೊತ್ತವೇ. ಆದರೆ ಆ ಕಾಯ್ದೆ ಡಿಜಿಟಲ್ ಆದ ಮಾಹಿತಿಗೆ ಮಾತ್ರ. ಕೌಂಟರಿನ ಕೂಗಿಗೆ, ಬಿಚ್ಚಿಟ್ಟ ಪುಸ್ತಕಕ್ಕೆ, ಕಡಲೆಕಾಯಿ ಪೊಟ್ಟಣಕ್ಕೆ ಅದು ಬರುವುದಿಲ್ಲ. ಅಲ್ಲಿಗೆ ನೀವೇ ಬರಬೇಕು.

ಇನ್ನು ಸರ್ಕಾರದ ತಪ್ಪನ್ನೂ ಹೇಳದೆ ಹೋದರೆ ಪತ್ರ ಅರ್ಧ ಆದಂತೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದ ಹೊಸದರಲ್ಲಿ ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ಸರ್ಕಾರವೇ ಪ್ರಕಟಿಸಿತು. ಕೈಗೆ ಶಾಯಿಯ ಮುದ್ರೆ ಒತ್ತಿದರು. ಬಾಗಿಲಿಗೆ ಪೋಸ್ಟರ್ ಅಂಟಿಸಿದರು. ದಿನವೂ ಬರುತ್ತಿದ್ದ ಬುಲೆಟಿನ್‌ನಲ್ಲಿ ರೋಗಿಗೆ ಪಿ ನಂಬರ್ ಕೊಟ್ಟು, ಪಕ್ಕದಲ್ಲಿ ವಯಸ್ಸು, ಊರು, ಎಲ್ಲಿಂದ ಬಂದರು ಅಂತ ಹಾಕುತ್ತಿದ್ದರು. ಬೆಂಗಳೂರಿನಲ್ಲಿ ಅಷ್ಟರಿಂದ ಗುರುತು ಸಿಗದೆ ಇರಬಹುದು. ನಮ್ಮಂಥ ಊರಿನಲ್ಲಿ "ದುಬೈಯಿಂದ ಬಂದ 28 ವರ್ಷದ ಗಂಡಸು" ಅಂದರೆ ಹೆಸರು ಹೇಳಿದ ಹಾಗೇ. ಬುಲೆಟಿನ್ ಬಂದ ಅರ್ಧ ಗಂಟೆಗೆ ಆ ಮನೆಯ ಫೋಟೋ ಫೋನಿನಿಂದ ಫೋನಿಗೆ ಹೋಗುತ್ತಿತ್ತು. ಹಾಲು ಹಾಕುವವರೂ ಆ ಮನೆಗೆ ಹೋಗುತ್ತಿರಲಿಲ್ಲ. ಆಮೇಲೆ, 2020ರ ಡಿಸೆಂಬರಿನಲ್ಲಿ, ಸಂಬಂಧಪಟ್ಟ ಅಧಿಕಾರಿ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶ ಮಾಡದ ಹೊರತು ಮನೆ ಮುಂದೆ ಹೀಗೆ ಪೋಸ್ಟರ್ ಅಂಟಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟೊತ್ತಿಗೆ ಎಷ್ಟೋ ಜನ ಜ್ವರ ಬಂದರೂ ಬಾಯಿ ಬಿಡದೆ ಮನೆಯಲ್ಲೇ ಇರುವುದನ್ನು ಕಲಿತಿದ್ದರು. ಹೆದರಿ ಮುಚ್ಚಿಟ್ಟವರನ್ನು ಅವತ್ತು ಬೈದೆವು. ಅವರು ಹೆದರಿದ್ದು ಯಾತಕ್ಕೆ ಅಂತ ಕೇಳಲಿಲ್ಲ.

ಡಾಕ್ಟರುಗಳ ಕಷ್ಟ ನನಗೆ ಗೊತ್ತು. ಸಂಜೆ ಮೂರು ಗಂಟೆಯ ಅವಧಿಯಲ್ಲಿ ನೂರು ಜನ ಬರುತ್ತಾರೆ. ಮಳಿಗೆಯ ಬಾಡಿಗೆ ಜಾಸ್ತಿ. ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಬರುವಷ್ಟರಲ್ಲಿ ಸಮಯ ಹೋಗುತ್ತದೆ ಅಂತ ಬೆಂಚು ಒಳಗೆ ಹಾಕುತ್ತಾರೆ. ನಾವೂ ಸುಮ್ನೆ ಇರುವುದಿಲ್ಲ, ಬಾಗಿಲು ತಳ್ಳಿಕೊಂಡು ಒಳಗೆ ಇಣುಕುತ್ತೇವೆ. "ನಂದು ಬರೀ ರಿಪೋರ್ಟ್ ತೋರಿಸೋದು" ಅಂತ ಮಧ್ಯೆ ನುಗ್ಗುತ್ತೇವೆ. ಇದರಲ್ಲಿ ನಮ್ಮ ಪಾಲೂ ಇದೆ.

ಇನ್ನೊಂದು ಮಾತು ಜನ ಹೇಳುತ್ತಾರೆ. ನಮ್ಮದು ಕುಟುಂಬ ಕೂಡಿ ಬದುಕುವ ಊರು, ಕಾಯಿಲೆ ಬಿದ್ದಾಗ ಜೊತೆಗೆ ನಿಲ್ಲುವುದು ನಮ್ಮವರೇ, ಅವರಿಂದ ಮುಚ್ಚಿಡುವುದೇನು ಅಂತ. ಇದು ನಿಜ, ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನನ್ನ ಅಪ್ಪನಿಗೆ ಹುಷಾರಿಲ್ಲದಾಗ ಆರು ತಿಂಗಳು ಆಸ್ಪತ್ರೆ ಓಡಾಡಿದ್ದು ನನ್ನ ಚಿಕ್ಕಪ್ಪ. ಪ್ರತಿ ರಿಪೋರ್ಟೂ ಅವರ ಕೈಯಲ್ಲೇ ಇರುತ್ತಿತ್ತು. ಅದು ಅಪ್ಪನೇ ಕೊಟ್ಟದ್ದು. "ತಮ್ಮ ಒಳಗೆ ಬರಲಿ ಡಾಕ್ಟ್ರೇ" ಅಂತ ಅಪ್ಪನೇ ಕರೆದದ್ದು. ಮನೆಯವರಲ್ಲಿ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ಕಾಯಿಲೆ ಬಿದ್ದವರ ಕೈಯಲ್ಲಿರಬೇಕು. ಮಗಳಿಗೆ ನಾನೇ ಹೇಳುತ್ತಿದ್ದೆ. ಪಕ್ಕದಲ್ಲಿ ಕೂರಿಸಿಕೊಂಡು, ಅವಳಿಗೆ ಅರ್ಥವಾಗುವ ಹಾಗೆ, ರಿಪೋರ್ಟ್ ಬಂದ ಮೇಲೆ ಹೇಳುತ್ತಿದ್ದೆ. ಆ ಅವಕಾಶ ನನ್ನ ಕೈ ತಪ್ಪಿಹೋಯಿತು.

ಆದ್ದರಿಂದ ನಾನು ಕೇಳುವುದು ಹೊಸ ಕಾನೂನನ್ನಲ್ಲ. ಕೆಪಿಎಂಇ ನೋಂದಣಿ ಕೊಡುವಾಗ ಮತ್ತು ನವೀಕರಿಸುವಾಗ ನಿಮ್ಮವರು ಕ್ಲಿನಿಕ್‌ಗೆ ಬಂದು ನೋಡುತ್ತಾರೆ. ಅಲೋಪತಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಇರಬೇಕು ಅಂತ ಇಲಾಖೆ ಹೇಳಿದೆ. ಬೋರ್ಡಿನ ಬಣ್ಣ ನೋಡುವ ಅಧಿಕಾರಿ ಒಳಗೆ ಹೋಗಿ ಬೆಂಚು ಎಲ್ಲಿದೆ ಅಂತಲೂ ನೋಡಲಿ. ಡಾಕ್ಟರ ಮುಂದೆ ಒಂದು ಹೊತ್ತಿಗೆ ಒಬ್ಬರೇ ರೋಗಿ, ಜೊತೆಗೆ ಅವರು ಕರೆದುಕೊಂಡು ಬಂದವರು. ಪರೀಕ್ಷೆಯ ಮಂಚಕ್ಕೆ ಪೂರ್ತಿ ಮುಚ್ಚುವ ಪರದೆ. ಬಟ್ಟೆ ಅಂಗಡಿಯಲ್ಲಿ ನಾಲ್ಕೈದು ನೂರಕ್ಕೆ ಸಿಗುತ್ತದೆ. ಕೌಂಟರಿನಲ್ಲಿ ಹೆಸರು ಮತ್ತು ಟೋಕನ್ ನಂಬರ್ ಸಾಕು, ಕಾಯಿಲೆ ಕೇಳುವುದು ಒಳಗೆ. ತುರ್ತು ಇದ್ದರೆ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಬ್ಯಾಂಕಿನಲ್ಲಿ ನನ್ನ ಖಾತೆಯಲ್ಲಿ ಎಷ್ಟು ದುಡ್ಡಿದೆ ಅಂತ ಕ್ಯಾಷಿಯರ್ ಕೂಗಿ ಹೇಳುವುದಿಲ್ಲ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗುವುದಿಲ್ಲ?

ರಿಪೋರ್ಟುಗಳನ್ನು ಅಂಟಿಸಿದ ಕವರಿನಲ್ಲಿ ಹಾಕಿ, ಸಂಬಂಧಪಟ್ಟವರ ಕೈಗೇ ಕೊಡಲಿ. ಹಳೇ ದಾಖಲೆ ಹರಿದು ಚೂರು ಮಾಡದೆ ರದ್ದಿಗೆ ಹೋಗಬಾರದು. ಕೌಂಟರಿನ ಹುಡುಗಿಯರಿಗೆ, ಕಾಂಪೌಂಡರಿಗೆ, ಲ್ಯಾಬಿನವರಿಗೆ ವರ್ಷಕ್ಕೆ ಅರ್ಧ ದಿನ ಕೂರಿಸಿ ಇದನ್ನು ಹೇಳಿಕೊಡಿ. ಅವರಿಗೆ ಇದುವರೆಗೆ ಯಾರೂ ಹೇಳಿಕೊಟ್ಟೇ ಇಲ್ಲ. ಸರ್ಕಾರಿ ಆಸ್ಪತ್ರೆಗಳಿಂದಲೇ ಶುರು ಮಾಡಿ, ಆಗ ಖಾಸಗಿಯವರನ್ನು ಕೇಳಲು ನಿಮಗೂ ಬಾಯಿ ಬರುತ್ತದೆ.

ದೂರು ಕೊಡಲು ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಅದು ಇದೆ ಅಂತ ನನಗೆ ಗೊತ್ತಾಗಿದ್ದು ಈ ಪತ್ರ ಬರೆಯಲು ಕೂತ ಮೇಲೆ. ಆ ಪ್ರಾಧಿಕಾರದ ವಿಳಾಸ, ಫೋನ್ ನಂಬರ್ ಪ್ರತಿ ಕ್ಲಿನಿಕ್‌ನ ಗೋಡೆ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಜೊತೆಗೆ ಒಂದು ಸಾಲು ಇರಲಿ: ನಿಮ್ಮ ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದೂ 2002ರ ನಿಯಮದಲ್ಲೇ ಇದೆ. ನಮ್ಮ ಕಾಯಿಲೆಯ ವಿಷಯ ಊರಿಗೆ ಸಲೀಸಾಗಿ ಸಿಗುತ್ತದೆ, ನಮಗೇ ಬೇಕಾದಾಗ ಮಾತ್ರ "ನಾಳೆ ಬನ್ನಿ" ಅನ್ನುತ್ತಾರೆ.

ಬರುವ ತಿಂಗಳು ಆ ಗಂಟನ್ನು ಇನ್ನೊಮ್ಮೆ ತೋರಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ. ನಾನು ಅದೇ ಕ್ಲಿನಿಕ್‌ಗೆ ಹೋಗುತ್ತೇನೆ. ಅವರು ಒಳ್ಳೆಯ ಡಾಕ್ಟರು, ಮತ್ತು ನನಗೆ ಈ ಊರು ಬಿಟ್ಟು ಬೇರೆ ಕಡೆ ಹೋಗಿ ಬರಲು ರಜೆ ಇಲ್ಲ. ಈ ಪತ್ರದ ಒಂದು ಪ್ರತಿಯನ್ನು ಅವರಿಗೂ ಕೊಡುತ್ತೇನೆ. ಈ ಸಲ ಮಗಳೂ ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಬರಲಿ ಅಂತ ನಾನೇ ಹೇಳಿದ್ದೇನೆ.

ಇಂತಿ,
ಒಬ್ಬ ಟೀಚರ್, ಒಬ್ಬ ರೋಗಿ
ತುಮಕೂರು ಜಿಲ್ಲೆ